ಲೆಕ್ಕಕ್ಕೆ ಬರುವ ಗುಳ್ಳೆ

ಸೋಮವಾರ, ಗುರುವಾರ. ವಾರಕ್ಕೆರಡು ಸಲ
ಬೋಳಿಸಿದ ಬೆನ್ನಿನ ಇಲಿಯನ್ನು ಬಾಲದ ಬುಡದಲ್ಲಿ ಹಿಡಿದು
ಭುಜಗಳ ನಡುವೆ ಒಂದು ಹನಿ.
ಹನಿಯೊಳಗಿರುವುದು ಹೊಗೆ. ಹಿಡಿದು, ತಣಿಸಿ,
ಅಸಿಟೋನಿನಲ್ಲಿ ಕರಗಿಸಿದ ಚಾವಣಿ ಡಾಂಬರಿನ ಹೊಗೆ.
ಜೇನಿನ ಬಣ್ಣ. ನೆಕ್ಕಬೇಕೆನಿಸುವಷ್ಟು ಚೆಂದ.

ಹೊಗೆ ಮಾಡುವುದು ಮೊದಲು ನಮಗೆ ಬರುತ್ತಿರಲಿಲ್ಲ.
ಡಾಕ್ಟರೇಟು ಮೂರಿದ್ದವು, ಥರ್ಮಾಮೀಟರು ಆರು,
ಕಾಯಿಸಿದ್ದು ಮಾತ್ರ ಒಮ್ಮೆ ಗಂಟು, ಒಮ್ಮೆ ಬೆಂಕಿ.
ಕೊನೆಗೆ ಯೂನಿಯನ್ ಕಚೇರಿಯವರು ಕಳಿಸಿದರು
ಆರ್ವಿಲ್ ಟ್ಯಾಕೆಟ್ಟನನ್ನು.
ಮೂವತ್ತೊಂದು ವರ್ಷ ಸಿನ್ಸಿನಾಟಿಯ ಬೀದಿಗಳಲ್ಲಿ
ಕೊಪ್ಪರಿಗೆ ಕಾಯುವ ಕೆಲಸ. ಅಂದರೆ,
ಅದು ಕಾಯುವಾಗ ತಾನೂ ಕಾಯುವುದು.

ಚರ್ಚಿಗೆ ಹೋಗುವ ಅಂಗಿ ತೊಟ್ಟು ಬಂದಿದ್ದ.
ಮುಚ್ಚಳ ಸರಿಸಿ, ಗಾಳಿಯನ್ನು ಅಂಗೈಯಲ್ಲಿ ಮೂಗಿಗೆಳೆದುಕೊಂಡು
‘ನಾನೂರ ಐವತ್ತು’ ಅಂದ.
ಮುಳ್ಳು ನೋಡಿದೆ. ನಾನೂರ ನಲವತ್ತೆಂಟು.
‘ನಿಮ್ಮ ಮುಳ್ಳು ಎರಡು ಹಿಂದಿದೆ.’
ಮರುದಿನ ಪರೀಕ್ಷಿಸಿದೆವು. ಹೌದು, ಎರಡು.

‘ಇಷ್ಟು ಸಾಕೇ?’
‘ಬೇಸಿಗೆಗೆ ಸಾಕು. ಜನವರಿಯಲ್ಲಿ
ಐದನೇ ಮಹಡಿ ಮುಟ್ಟುವಷ್ಟರಲ್ಲಿ ಬಕೆಟ್ಟಿನಲ್ಲೇ ಹೆಪ್ಪು,
ಮೇಲಿನಿಂದ ಮೇಸ್ತ್ರಿಯ ಬೈಗುಳ. ಆಗ ಆರುನೂರು.
ಆರುನೂರರ ಹೊಗೆ ಬೇರೆ. ಹಳದಿ.
ಹಲ್ಲಿನಲ್ಲಿ ಗೊತ್ತಾಗುತ್ತೆ.’
ಹಲ್ಲಿನಲ್ಲಿ, ಎಂದು ಡಾಕ್ಟರ್ ಫೆನ್ವಿಕ್ ಬರೆದುಕೊಂಡು
ಆಮೇಲೆ ಹೊಡೆದುಹಾಕಿದರು.
ನಮ್ಮ ಎರಡನೆಯ ಗುಂಪು ಹುಟ್ಟಿದ್ದು ಹೀಗೆ. ಹೆಸರು, ಜನವರಿ.

ಇಲಿಮನೆ ನೋಡಬೇಕೆಂದ. ಕರೆದುಕೊಂಡು ಹೋದೆ.
ಬೇಸಿಗೆಯ ಸಾಲು. ಜನವರಿಯ ಸಾಲು.
‘ಆ ಮೂಲೆಯವು?’
‘ಅವಕ್ಕೆ ಬರೀ ಅಸಿಟೋನು. ಹೋಲಿಸಿ ನೋಡಲಿಕ್ಕೆ.’
ಬಹಳ ಹೊತ್ತು ನಿಂತ ಆ ಮೂಲೆಯಲ್ಲಿ.
ನುಣುಪು ಬೆನ್ನುಗಳು, ಪುಟಪುಟ ಮೂಗುಗಳು,
ನೀರಿನ ನಳಿಗೆಗೆ ಜಗಳ.
‘ನಮ್ಮಲ್ಲಿ ಈ ಗುಂಪು ಇರಲಿಲ್ಲ.’

ಬಾಗಿಲ ತನಕ ಬಂದವನು ತಿರುಗಿ ಕೇಳಿದ:
‘ಬಿಸಿಲೆಲ್ಲಿ?’
‘ಹಾಂ?’
‘ನಾವು ಬಿಸಿಲಲ್ಲಿದ್ದೆವು ಕಣಮ್ಮಾ. ಇವು ಟ್ಯೂಬ್‌ಲೈಟಿನ ಕೆಳಗಿವೆ.’
ಅರ್ಧ ಪಂಜರಗಳ ಮೇಲೆ ಸೂರ್ಯನಂಥ ದೀಪ ಬಂತು, ಆ ತಿಂಗಳ ಕೊನೆಗೆ.
ಬಿಲ್ಲು ನೋಡಿ ಲೆಕ್ಕಪತ್ರದವರು ಒಂದು ವಾರ ಮಾತಾಡಲಿಲ್ಲ.

ಗುಳ್ಳೆ ಲೆಕ್ಕಕ್ಕೆ ಬರಬೇಕಾದರೆ ನಿಯಮವಿದೆ.
ಒಂದು ಮಿಲಿಮೀಟರು ದಾಟಬೇಕು,
ಒಂದು ವಾರ ಉಳಿಯಬೇಕು.
ಎಷ್ಟೋ ಗುಳ್ಳೆಗಳು ಎದ್ದು, ಯಾರಿಗೂ ಹೇಳದೆ ಹೋಗುತ್ತವೆ.
ಮೂವತ್ತೆಂಟನೆಯ ವಾರ ಜನವರಿಯ ಹದಿನೇಳನೆಯದರ ಬೆನ್ನಲ್ಲಿ
ಸಾಸಿವೆಯಷ್ಟಿತ್ತು. ಮುಂದಿನ ವಾರ ಮೆಣಸು.
ಬರೆದೆ. ತಾರೀಖು, ಅಳತೆ, ಸಹಿ.
ಬರೆಯುವಾಗ ಏನೋ ಗೆದ್ದಂತೆ ಆದದ್ದು ಸುಳ್ಳಲ್ಲ;
ಸಂಜೆ ಊಟ ಸೇರಲಿಲ್ಲ.

ಅದೇ ವಾರ ಕೊಪ್ಪರಿಗೆಯ ವಾಲ್ವು ಕೆಟ್ಟು ಅವನನ್ನು ಕರೆಸಿದ್ದೆವು.
ಬಗ್ಗಿದ. ಟೋಪಿ ಮುಂದಕ್ಕೆ ಜಾರಿತು.
ಕಿವಿಯ ಹಿಂದೆ, ಕೂದಲು ಮುಗಿಯುವಲ್ಲಿ, ಅಂಚು ಮುತ್ತಿನಂತೆ ಹೊಳೆಯುವುದು,
ನಡುವೆ ಒಣಗಿದ ಹಕ್ಕಳೆ.
ನನ್ನ ಕೈ ಕೋಟಿನ ಜೇಬಿಗೆ ಹೋಗಿತ್ತು, ಕ್ಯಾಲಿಪರಿಗೆ.
ಕಣ್ಣಳತೆಯಲ್ಲಿ ಆರು. ಇಲ್ಲ, ಏಳು.

‘ಎಷ್ಟು ದಿನದಿಂದ?’
‘ವಾಲ್ವಾ? ಹೋದ ವಾರ ಸರಿಯಿತ್ತಲ್ಲ’ ಅಂದ,
ಟೋಪಿ ಹಿಂದಕ್ಕೆಳೆದು ಕೂರಿಸುತ್ತ.

ಕೈಗೆ ಸಿಕ್ಕ ಪಂಜರದ ಚೀಟಿಯೊಂದರ ಹಿಂದೆ
ಚರ್ಮದ ಡಾಕ್ಟರ ನಂಬರು ಬರೆದು ಕೊಟ್ಟೆ.
ಅವನು ನೋಡಿದ್ದು ಈಚೆ ಬದಿ.
ಜನವರಿ. ಸಂಖ್ಯೆ ಹದಿನೆಂಟು.
‘ಓಹೋ’ ಅಂದ. ‘ಹದಿನೇಳರ ಪಕ್ಕದ ಮನೆ.’
ನಗು ಬರಲಿಲ್ಲ ನನಗೆ. ಅವನಿಗೆ ಬಂತು.
ಚೀಟಿಯನ್ನು ಎದೆಯ ಜೇಬಿಗಿಟ್ಟು, ಗುಂಡಿ ಹಾಕಿ,
ಉರಿ ಎರಡು ಡಿಗ್ರಿ ತಗ್ಗಿಸಿ ಹೋದ.